ಮೂರನೇ ಸಾಲು, ನಾಲ್ಕನೆಯದು

ನನ್ನ ಅಂಗಡಿಯ ಹೆಸರು ನಾಗವೇಣಿ ಮ್ಯಾಚಿಂಗ್ ಸೆಂಟರ್. ನಾಗವೇಣಿ ನಾನೇ. ನೀವು ಸೀರೆ ತಂದು ಮೇಜಿನ ಮೇಲೆ ಹರಡಿದರೆ ಸಾಕು, ಅದಕ್ಕೆ ಹೊಂದುವ ಬ್ಲೌಸ್ ಪೀಸು ಯಾವ ಗೂಡಿನಲ್ಲಿದೆ ಎಂದು ಹಿಂದೆ ತಿರುಗಿಯೂ ನೋಡದೆ ಕೈಹಾಕಿ ಎಳೆಯಬಲ್ಲೆ. ಹಸಿರೊಂದರಲ್ಲೇ ನನ್ನ ಹತ್ತಿರ ನೂರ ನಲವತ್ತು ಬಗೆಗಳಿವೆ. ಬೆಂಡೆಕಾಯಿ ಹಸಿರಿಗೂ ಹೀರೆಕಾಯಿ ಹಸಿರಿಗೂ ವ್ಯತ್ಯಾಸ ಗೊತ್ತಾಗದ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನು ಕೇಳಿ ನಗುವಾಗ ಎಷ್ಟು ನಗಬೇಕು ಎಂಬುದು ನಿಮಗೂ ತಿಳಿದಿರಲಿ.

ನಮ್ಮೂರಿನಲ್ಲಿ ಯಾರಿಗೂ ತಮ್ಮ ಕೂದಲಿನ ಬಣ್ಣ ಕಾಣುವುದಿಲ್ಲ. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡಿದರೂ ಅಷ್ಟೆ, ಕನ್ನಡಿಯಲ್ಲೂ ಅಷ್ಟೆ, ಫೋಟೋದಲ್ಲೂ ಅಷ್ಟೆ. ನೀರಿನಂಥ ಒಂದು ಮಬ್ಬು ಕಾಣುತ್ತದೆ, ಬೇರೇನಿಲ್ಲ. ಪಕ್ಕದವರ ಕೂದಲು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಒಬ್ಬ ನೋಟದವರು ಬೇಕು. ಚಿಕ್ಕಂದಿನಲ್ಲಿ ಅಮ್ಮ ನೋಡುತ್ತಾಳೆ. ದೊಡ್ಡವರಾದ ಮೇಲೆ ನಾವೇ ಒಬ್ಬರನ್ನು ಕೇಳಿಕೊಳ್ಳಬೇಕು, ಅವರು ನಮಗೆ ನೋಡುತ್ತಾರೆ, ನಾವು ಅವರಿಗೆ. ನೋಟದವರನ್ನು ಬಿಟ್ಟು ಇನ್ಯಾರೂ ಒಬ್ಬರ ಕೂದಲಿನ ಬಗ್ಗೆ ತುಟಿ ಬಿಚ್ಚುವ ಹಾಗಿಲ್ಲ, ಕಟ್ಟಿಕೊಂಡ ಗಂಡನಾದರೂ ಸರಿ, ಹೊತ್ತು ಹೆತ್ತ ಮಕ್ಕಳಾದರೂ ಸರಿ. ಮಕ್ಕಳಿಗೆ ಮಾತು ಬಂದ ಕೂಡಲೇ ನಾವು ಮೊದಲು ಕಲಿಸುವುದು ಈ ಮೌನವನ್ನೇ.

ಫಿಲೋಮಿನಾಳ ಬ್ಯೂಟಿ ಪಾರ್ಲರಿನ ಗೋಡೆಯ ಮೇಲೆ ಒಂದು ಕರಿಹಲಗೆ ಇದೆ. ಅದರಲ್ಲಿ ಜೋಡಿ ಜೋಡಿಯಾಗಿ ಹೆಸರುಗಳಿವೆ. ನೋಟದವರು ತಪ್ಪು ಹೇಳಿದ್ದು ಗೊತ್ತಾದರೆ ಒದ್ದೆ ಬಟ್ಟೆಯಿಂದ ಆ ಹೆಸರನ್ನು ಒರೆಸುತ್ತಾರೆ. ಹಾಗೆ ಹೆಸರು ಹೋದವರನ್ನು ಮತ್ತೆ ಯಾರೂ ತಮಗೆ ನೋಡು ಎಂದು ಕೇಳುವುದಿಲ್ಲ, ಅವರಿಗೂ ಯಾರೂ ನೋಡುವುದಿಲ್ಲ. ಪುಟ್ಟೀರಮ್ಮನ ಹೆಸರು ಒರೆಸಿ ಹದಿನಾಲ್ಕು ವರ್ಷವಾಯಿತು. ಸುಡುಬಿಸಿಲಿನಲ್ಲೂ ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಓಡಾಡುತ್ತಾಳೆ. ಮದುವೆಮನೆಗಳಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ ಇರುತ್ತದೆ.

ನನ್ನ ಹೆಸರಿನ ಜೊತೆಗಿರುವುದು ಅಂಬುಜಳ ಹೆಸರು. ಅವಳದು ನಮ್ಮ ಬೀದಿಯ ತುದಿಯಲ್ಲಿರುವ ಹಿಟ್ಟಿನ ಗಿರಣಿ. ಮದುವೆಯಾಗಲಿಲ್ಲ, ಅವಳಮ್ಮ ಇರುವಷ್ಟು ದಿನ ಅಮ್ಮನೇ ನೋಟದವಳು. ಇಪ್ಪತ್ತು ವರ್ಷದ ಹಿಂದೆ ಒಂದು ದಿನ ಗಿರಣಿಗೆ ಹೋಗಿ, "ಅಂಬು, ನಂಗೆ ನೀನು ನೋಡ್ತೀಯೇನೇ?" ಎಂದು ಕೇಳಿದ್ದೆ. ಅವಳು ಓಡುತ್ತಿದ್ದ ಮೆಷಿನ್ನನ್ನು ನಿಲ್ಲಿಸಿ, "ನಾನಾ?" ಎಂದಳು. ಎರಡು ಸಲ ಕೇಳಿದಳು. ಆಮೇಲೆ ಕೈಯಲ್ಲಿದ್ದ ಹಿಟ್ಟನ್ನು ಸೀರೆಗೇ ಒರೆಸಿಕೊಂಡು ತಲೆ ಅಲ್ಲಾಡಿಸಿದಳು.

ನಾನು ಆಗ ಕೂದಲಿಗೆ ಹೈಲೈಟ್ಸ್ ಹಾಕಿಸಲು ಶುರುಮಾಡಿದ್ದೆ. ಹುಡುಗಿಯರ ಹಾಗೆ ಝಗಮಗ ಅಲ್ಲ. ಅಲ್ಲೊಂದು ಇಲ್ಲೊಂದು ಸಣ್ಣ ಎಳೆ, ಹುರಿದ ಕೊತ್ತಂಬರಿ ಬೀಜದ ಕಂದು. ನೋಡಿದವರಿಗೆ ಏನೋ ಚೆಂದ ಎನಿಸಬೇಕು, ಏನು ಎಂದು ಗೊತ್ತಾಗಬಾರದು, ಅಷ್ಟೇ ನನ್ನ ಆಸೆ. ನಮ್ಮ ಪಾರ್ಲರಿನಲ್ಲಿ ಕನ್ನಡಿ ಇಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಕುರ್ಚಿ ರಸ್ತೆಯ ಕಡೆಗೆ ಮುಖ ಮಾಡಿರುತ್ತದೆ. ಬಣ್ಣದ ಮಾದರಿಗಳನ್ನು ಸಾಲುಸಾಲಾಗಿ ಅಂಟಿಸಿದ ಶೇಡ್ ಕಾರ್ಡೂ ಬಣ್ಣದ ಬಟ್ಟಲೂ ಬೆನ್ನ ಹಿಂದೆ, ನೋಟದವರ ಮುಂದೆ. ತಿರುಗಿ ನೋಡಿದರೆ ಅವರನ್ನು ನಂಬಲಿಲ್ಲ ಎಂದೇ ಅರ್ಥ. ಮೂರು ತಿಂಗಳಿಗೊಮ್ಮೆ ನಾನು ಕೂರುತ್ತಿದ್ದೆ, ಅಂಬುಜ ಹಿಂದೆ ನಿಂತು ತುಂಬ ಹೊತ್ತು ಯೋಚಿಸುತ್ತಿದ್ದಳು. ಆಮೇಲೆ "ಮೂರನೇ ಸಾಲು, ನಾಲ್ಕನೇದು" ಎನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಎದ್ದು ಕಾಣಲ್ಲ ಕಣೇ, ಅದೇ ಚೆಂದ" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಆ ಒಂದು ಮಾತು ಕೇಳಲೆಂದೇ ನಾನು ಪಾರ್ಲರಿಗೆ ಹೋಗುತ್ತಿದ್ದೆ ಎಂದರೂ ಸುಳ್ಳಲ್ಲ.

ನಾನೂ ಅವಳಿಗೆ ಪ್ರಾಮಾಣಿಕವಾಗಿಯೇ ನೋಡಿದ್ದೇನೆ. ಅವಳ ಬೈತಲೆಯಲ್ಲಿ ಮೊದಲ ನರೆಗೂದಲು ಬಂದ ದಿನವೇ ಹೇಳಿದೆ. ಅತ್ತಳು. ಅಳಲಿ ಎಂದು ಸುಮ್ಮನಿದ್ದೆ. ನನ್ನ ನಾಲಿಗೆ ಇರುವುದೇ ಹಾಗೆ. ಸುಳ್ಳು ಹೇಳುವುದಕ್ಕೆ ಅದು ಎಂದೂ ಮಡಚಿದ್ದಿಲ್ಲ.

ನನ್ನ ಮಗಳು ತೇಜುವಿನ ನಿಶ್ಚಿತಾರ್ಥದ ಹಿಂದಿನ ದಿನ ಅಂಬುಜ ಗಿರಣಿಯ ಮೆಟ್ಟಿಲಿನಿಂದ ಜಾರಿ ಕಾಲು ಉಳುಕಿಸಿಕೊಂಡಳು. ನನ್ನ ಎಳೆಗಳಿಗೆ ಅಂದೇ ಬಣ್ಣ ಹಚ್ಚಿಸಬೇಕಿತ್ತು. ಇಂಥ ಸಮಯಕ್ಕೆಂದೇ ದಿನದ ಕಣ್ಣು ಎಂಬ ಪದ್ಧತಿ ಇದೆ. ಮಧ್ಯಾಹ್ನ ಮೂರು ಗಂಟೆಗೆ ತೇಜುವನ್ನು ಪಾರ್ಲರಿಗೆ ಕರೆದುಕೊಂಡು ಹೋಗಿ, ಫಿಲೋಮಿನಾಳ ಎದುರಿಗೆ ಅವಳ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡು, "ಇವತ್ತು ನೀನೇ ನನ್ನ ಕಣ್ಣು" ಎಂದೆ. ಹಾಗೆಂದರೆ ಆ ಒಂದು ದಿನ ಅವಳು ನನ್ನ ತಲೆಯ ಬಗ್ಗೆ ಮಾತಾಡಬಹುದು, ಅದೂ ಪಾರ್ಲರಿನೊಳಗೆ, ನನ್ನ ಹತ್ತಿರ ಮಾತ್ರ.

ತೇಜು ನನ್ನ ಹಿಂದೆ ನಿಂತಳು. ಅವಳ ಉಸಿರು ಕೇಳುತ್ತಿತ್ತು.

"ಅಮ್ಮಾ, ಈಗ ಹೇಳ್ಬಹುದಾ?"

"ಹೇಳೇ. ಎಳೆ ತುಂಬಾ ಮಾಸಿದ್ಯಾ?"

"ನಿಂಗಿಷ್ಟ ಅಂತ ಗೊತ್ತು. ಆದ್ರೆ ನಾಳೆ ಒಂದಿನಕ್ಕಾದ್ರೂ ಈ ಹಸಿರು ಬೇಡಮ್ಮಾ. ದಮ್ಮಯ್ಯ. ಒಂದು ಸ್ವಲ್ಪ ಕಂದು ಹಾಕಿಸ್ಕೊಳ್ಳೇ."

ರಸ್ತೆಯಲ್ಲಿ ಬಾಳೆಹಣ್ಣಿನ ಗಾಡಿ ಹೋಗುತ್ತಿತ್ತು. ಅದು ಪೂರ್ತಿ ದಾಟಿ ಹೋಗುವವರೆಗೂ ಅದನ್ನೇ ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ?

"ಯಾವ ಹಸಿರು?"

"ಹಸಿರು ಅಂದ್ರೆ ಹಸಿರು ಕಣಮ್ಮಾ!"

"ಹಸಿರಲ್ಲಿ ನೂರ ನಲವತ್ತು ಇದೆ ತೇಜು. ಯಾವುದು? ಹೋಗು, ಅಂಗಡಿಗೆ ಹೋಗಿ ಮ್ಯಾಚಿಂಗ್ ತಗೊಂಡ್ ಬಾ."

ನನ್ನ ಅಂಗಡಿ ಎದುರಿಗೇ ಇದೆ. ಅವಳು ರಸ್ತೆ ದಾಟಿದ್ದು, ಏಣಿ ಹಾಕಿಕೊಂಡು ಅಟ್ಟಕ್ಕೆ ಹತ್ತಿದ್ದು ಎಲ್ಲವನ್ನೂ ಕುರ್ಚಿಯಲ್ಲಿ ಕೂತೇ ನೋಡಿದೆ. ಅಟ್ಟಕ್ಕೆ ಯಾಕೆ ಹತ್ತಿದಳು? ಅಟ್ಟದ ಮೇಲಿರುವುದು ಒಂದೇ ಥಾನು. ಯಾವುದೋ ಕಾಲದಲ್ಲಿ ಬಟ್ಟೆ ಮಿಲ್ಲಿನವರು ತಪ್ಪಿ ಕಳಿಸಿದ ಗಿಣಿಹಸಿರು ಬಟ್ಟೆ, ಕಣ್ಣಿಗೆ ಚುಚ್ಚುವ ಬಣ್ಣ. ಇದನ್ನು ಮೈಮೇಲೆ ಹಾಕಿಕೊಂಡು ಮಾನವಂತರು ಯಾರು ರಸ್ತೆಗೆ ಬರುತ್ತಾರೆ ಎಂದು ಗಿರಾಕಿಗಳ ಎದುರಿಗೇ ಬೈದು ನಾನೇ ಅದನ್ನು ಮೇಲಕ್ಕೆ ಎಸೆದಿದ್ದೆ. ಅದನ್ನೇ ಒಂದು ಮೊಳ ಕತ್ತರಿಸಿಕೊಂಡು ಬಂದು ತೇಜು ನನ್ನ ಹಣೆಯ ಪಕ್ಕ ಹಿಡಿದಳು. ಊರಿಗೆಲ್ಲ ನಾನು ಹಿಡಿದು ತೋರಿಸುವ ಹಾಗೆಯೇ ಹಿಡಿದಳು, ಬೆಳಕಿಗೆ ಓರೆ ಮಾಡಿ.

"ಇದೇ. ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ" ಎಂದಳು.

ಫಿಲೋಮಿನಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಎಷ್ಟು ವರ್ಷದಿಂದ?"

"ಹನ್ನೊಂದು, ಅಕ್ಕಾ. ನಮ್ಮತ್ತೆ ಹೋದ್ಮೇಲೆ ಪಾರ್ಲರು ನನ್ ಕೈಗೆ ಬಂತಲ್ಲ, ಅವತ್ತಿಂದ. ನೋಟದವರು ಹೇಳಿದ್ದು ಹಚ್ತೀನಿ. ಈ ಕೆಲಸದಲ್ಲಿ ನಂಗೆ ಬಾಯಿಲ್ಲ."

ಹನ್ನೊಂದು ವರ್ಷ! ಆ ಹನ್ನೊಂದು ವರ್ಷಗಳೂ ಒಟ್ಟಿಗೇ ನನ್ನ ತಲೆಯ ಮೇಲೆ ಬಿದ್ದವು. ವ್ಯಾಪಾರಿ ಸಂಘದವರು ನನಗೆ ಶಾಲು ಹೊದೆಸಿ, "ಬಣ್ಣದ ಅಭಿರುಚಿಯಲ್ಲಿ ಇವರಿಗೆ ಇವರೇ ಸಾಟಿ" ಎಂದಾಗ ಸಭೆಯಲ್ಲಿ ಒಬ್ಬ ಕೆಮ್ಮಿದ್ದು. ನೇರಳೆ ಸೀರೆಗೆ ಗಿಣಿಹಸಿರು ಕೇಳಿದ ಹೆಂಗಸಿಗೆ "ತಲೆ ನೆಟ್ಟಗಿದೆಯಾ ನಿಮಗೆ?" ಎಂದು ನಾನು ಗದರಿದಾಗ ಅವಳು ನನ್ನ ತಲೆಯನ್ನೇ ದಿಟ್ಟಿಸಿ ನೋಡಿ ಏನೂ ಹೇಳದೆ ಹೊರಟುಹೋದದ್ದು. ನನ್ನ ಯಜಮಾನರು, ಪಾಪ, ಈಗಿಲ್ಲ, ನಾನು ಪಾರ್ಲರಿನಿಂದ ಬಂದಾಗಲೆಲ್ಲ ಎರಡು ಲೋಟ ನೀರು ಕುಡಿಯುತ್ತಿದ್ದದ್ದು. ಹುಡುಗನ ಕಡೆಯವರು ಮೊದಲ ಸಲ ಬಂದಾಗ ನಾನು ಉಟ್ಟಿದ್ದದ್ದು ರಾಣಿ ಪಿಂಕ್ ಸೀರೆ. ಅಯ್ಯೋ ದೇವರೇ, ರಾಣಿ ಪಿಂಕ್! ಅವಮಾನದಿಂದ ನನಗೆ ಕುರ್ಚಿಯ ಸಮೇತ ನೆಲದೊಳಗೆ ಇಳಿದುಹೋಗೋಣ ಎನಿಸಿತು.

ತಿರುಗಬಾರದೆಂಬುದನ್ನೂ ಮರೆತು ಎದ್ದು ಶೇಡ್ ಕಾರ್ಡ್ ಕೈಗೆತ್ತಿಕೊಂಡೆ. ಮೂರನೇ ಸಾಲು, ನಾಲ್ಕನೆಯದು. ಹೌದು, ಗಿಣಿಹಸಿರೇ. ಅಂದರೆ ಅಂಬುಜ ನಿಂತು, ಯೋಚಿಸಿ, ಬೇಕೆಂದೇ ಇದನ್ನು ಹೇಳಿದ್ದಳು. ಒಂದು ಸಲ ಅಲ್ಲ, ನಲವತ್ತು ಸಲ. ಆಮೇಲೆ ಎದ್ದು ಕಾಣಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಅವಳ ಮೊದಲ ನರೆಯನ್ನು ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದೆನಲ್ಲ, ಅದರ ಸೇಡು ಇದು ಎಂದೇ ನಿರ್ಧರಿಸಿದೆ.

"ತೆಗೆದು ಕಂದು ಹಚ್ಚು" ಎಂದೆ ಫಿಲೋಮಿನಾಗೆ.

ಅವಳು ಬಟ್ಟಲಿಗೆ ಕೈ ಹಾಕಲಿಲ್ಲ. ಒದ್ದೆ ಬಟ್ಟೆಯೊಂದನ್ನು ಹಿಂಡಿ ತಂದು ಕರಿಹಲಗೆಯ ಕೆಳಗಿಟ್ಟಳು. "ಅಕ್ಕಾ, ಇಷ್ಟ್ ದಿನ ಊರಿಗೆ ಗೊತ್ತಿದ್ದದ್ದು ನಾಗವೇಣಿ ಅಕ್ಕಂಗೆ ಹಸಿರು ಹುಚ್ಚು ಅಂತ ಮಾತ್ರ. ಅಂಬುಜಕ್ಕ ಇಲ್ದಿರೋ ದಿನ ನೋಡ್ಕೊಂಡು ಹಸಿರು ಹೋಗಿ ಕಂದು ಬಂತು ಅಂದ್ರೆ, ನಾಳೆ ಛತ್ರದಲ್ಲಿ ಎಲ್ಲಾರ್ಗೂ ಅರ್ಥ ಆಗ್ಹೋಗತ್ತೆ. ಆಮೇಲೆ ನಾನು ಅವರ ಹೆಸರು ಒರೆಸ್ಲೇಬೇಕು. ಯೋಚ್ನೆ ಮಾಡಿ ಹೇಳಿ. ಆರು ಗಂಟೆಗೆ ಬಾಗಿಲು ಹಾಕ್ತೀನಿ."

"ಒರೆಸು ಅನ್ನಮ್ಮಾ" ಎಂದಳು ತೇಜು. "ಹನ್ನೊಂದು ವರ್ಷ, ಮೊದ್ಲು ಸ್ಕೂಲ್ ಗೇಟ್ ಹತ್ರ, ಆಮೇಲೆ ಕಾಲೇಜ್ ಗೇಟ್ ಹತ್ರ, ನಿನ್ನ ನೋಡಿ ಎಲ್ಲಾರೂ ಬಾಯ್ಮುಚ್ಕೊಂಡು ಇರ್ತಿದ್ರು. ನಿನ್ ಇಷ್ಟ ಅಂತ ಸಹಿಸ್ಕೊಂಡೆ. ನಿನ್ ಇಷ್ಟಾನೂ ಅಲ್ಲ ಅಂದ್ರೆ ಯಾಕಮ್ಮಾ ಬಿಡ್ಬೇಕು ಅವ್ರನ್ನ?"

ನಾನು ಗಿಣಿಹಸಿರು ತುಂಡನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ದಾರಿಯಲ್ಲಿ ಅಂಗಡಿಗೆ ನುಗ್ಗಿ ಹುರಿದ ಕೊತ್ತಂಬರಿ ಬೀಜದ ಕಂದು ಇನ್ನೊಂದು ತುಂಡು ಎಳೆದುಕೊಂಡೆ. ಎರಡನ್ನೂ ಅಂಬುಜಳ ಮುಖದ ಮೇಲೆ ಎಸೆದು, ಅವಳ ಬಾಯಿಂದಲೇ ಹೇಳಿಸಿ, ಆಮೇಲೆ ಒರೆಸುತ್ತೇನೆ ಎಂದು ದಾಪುಗಾಲು ಹಾಕುತ್ತಾ ಗಿರಣಿಗೆ ಹೋದೆ. ಬೀದಿಯಲ್ಲಿ ಎದುರಾದವರೆಲ್ಲ ಎಂದಿನಂತೆ ನನ್ನ ಕಾಲಿನ ಬೆರಳುಗಳನ್ನು ನೋಡಿ ಮಾತಾಡಿಸಿದರು. ಅವರೆಲ್ಲ ಯಾಕೆ ಯಾವಾಗಲೂ ನನ್ನ ಕಾಲು ನೋಡುತ್ತಾರೆ ಎಂಬುದು ಅವತ್ತು ಗೊತ್ತಾಯಿತು.

ಗಿರಣಿ ನಿಂತಿತ್ತು. ಅಂಬುಜ ಸ್ಟೂಲಿನ ಮೇಲೆ ಕೂತು ಊದಿದ ಕಾಲನ್ನು ಎಣ್ಣೆ ಡಬ್ಬದ ಮೇಲೆ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು.

"ಬಾರೇ ವೇಣಿ! ಮನೆ ತುಂಬಾ ಕೆಲಸ ಬಿಟ್ಕೊಂಡು ಇಲ್ಯಾಕೆ ಬಂದೆ? ತಲೆ ಆಯ್ತಾ? ಯಾರು ನೋಡಿದ್ರು? ನಂಗೆ ಬೆಳಗಿಂದ ಅದೇ ಸಂಕಟ ಕಣೇ, ಇಂಥಾ ದಿನಾನೇ ನಾನು ಹಿಂದೆ ನಿಂತ್ಕೊಳ್ಳೋಕಾಗ್ಲಿಲ್ವಲ್ಲ ಅಂತ."

ಎಸೆಯಲಾಗಲಿಲ್ಲ. ಎರಡು ತುಂಡುಗಳನ್ನೂ ಅವಳ ತೊಡೆಯ ಮೇಲಿಟ್ಟೆ. "ಇದ್ರಲ್ಲಿ ನನ್ ತಲೆ ಬಣ್ಣ ಯಾವ್ದು ಹೇಳು."

ಅವಳು ನಕ್ಕಳು. ನಾನು ನಗದಿದ್ದದ್ದು ನೋಡಿ ಅವಳ ನಗು ನಿಂತಿತು. ಎರಡನ್ನೂ ಕೈಗೆ ತೆಗೆದುಕೊಂಡು ಕಿಟಕಿಯ ಕಡೆ ಹಿಡಿದಳು. ಬೆರಳಿನ ನಡುವೆ ಉಜ್ಜಿದಳು. ಮಗುಚಿ ಹಾಕಿದಳು. ಆಮೇಲೆ ಒಂದನ್ನು ಮೂಗಿನ ಹತ್ತಿರ ತಂದು ಮೂಸಿದಳು.

ಬಟ್ಟೆಯ ಬಣ್ಣವನ್ನು ಮೂಸಿ ನೋಡುತ್ತಿದ್ದಾಳೆ! ನನ್ನ ಸಿಟ್ಟು ನಿಂತಲ್ಲೇ ನಿಂತುಹೋಯಿತು. ಮೂವತ್ತು ವರ್ಷದಿಂದ ನೋಡುತ್ತಲೇ ಇದ್ದೇನೆ. ಖಾರದ ಪುಡಿಯೋ ದನಿಯಾ ಪುಡಿಯೋ ಎಂದು ಇವಳು ಯಾವತ್ತೂ ಮೂಗಿನಿಂದಲೇ ಹೇಳಿದ್ದು. ಟೊಮೇಟೊ ಕೊಳ್ಳುವಾಗ ಒಂದೊಂದನ್ನೂ ಚಿವುಟಿ ಹಣ್ಣಾಗಿದೆಯೇ ಎಂದು ನೋಡುವುದು. ತನ್ನ ಬ್ಲೌಸ್ ಪೀಸನ್ನು ಒಂದು ದಿನವೂ ತಾನೇ ಆರಿಸದೆ "ನೀನೇ ಕೊಡೇ, ನಿನಗಿಂತ ಗೊತ್ತಾ" ಎನ್ನುವುದು. ಅದನ್ನೆಲ್ಲ ನನ್ನ ಹೊಗಳಿಕೆ ಎಂದುಕೊಂಡು ಉಬ್ಬಿಹೋಗಿದ್ದೆ. ನೂರ ನಲವತ್ತು ಹಸಿರು ಕಾಣುವ ನನ್ನ ಕಣ್ಣಿಗೆ ಇದು ಕಂಡಿರಲಿಲ್ಲ.

"ಎರಡೂ ಒಂದೇ ಥಾನಿನವಲ್ವೇನೇ?" ಎಂದಳು ಅಂಬುಜ.

ನಾನು ಹಿಟ್ಟಿನ ಮೂಟೆಯ ಮೇಲೆ ಕೂತೆ. "ಯಾವಾಗಿಂದ ಅಂಬು?"

"ಹುಟ್ಟಿದಾಗಿಂದ. ಕೆಂಪು, ಹಸಿರು, ಕಂದು ಎಲ್ಲಾ ನಂಗೆ ಒಂದೇ ಥರ ಕಾಣತ್ತೆ. ಅಮ್ಮಂಗೆ ಗೊತ್ತಿತ್ತು. ಯಾರಿಗೂ ಹೇಳ್ಬೇಡ, ಹೇಳಿದ್ರೆ ಊರಲ್ಲಿ ನಿನ್ನನ್ನ ಯಾರೂ ಕೇಳಲ್ಲ ಅಂದ್ಳು. ಹೇಳ್ಲಿಲ್ಲ. ಆದ್ರೂ ಯಾರೂ ಕೇಳ್ಲಿಲ್ಲ. ಅಮ್ಮ ಹೋದ್ಮೇಲೆ ಎರಡು ವರ್ಷ ನನ್ ತಲೆ ಹೆಂಗಿದೆ ಅಂತ ಒಬ್ರೂ ಹೇಳಿರ್ಲಿಲ್ಲ ಕಣೇ. ನೀನು ಬಂದು ಕೇಳ್ದೆ. ಆಗಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ."

"ಮತ್ತೆ ಬಣ್ಣ ಹೆಂಗೆ ಆರಿಸ್ದೆ?"

"ನೀನು ಹುರಿದ ಕೊತ್ತಂಬರಿ ಬೀಜದ ಬಣ್ಣ ಅಂದಿದ್ದೆಯಲ್ಲ. ಹಿಂದಿನ ದಿನ ಒಂದು ಹಿಡಿ ಹುರಿದು ಸೆರಗಲ್ಲಿ ಕಟ್ಕೊಂಡು ಹೋದೆ. ಆಗ ಪಾರ್ಲರಲ್ಲಿ ಫಿಲೋಮಿನಾಳ ಅತ್ತೆ ಇದ್ರು. ಇದರ ಹಂಗಿರೋದು ಎಲ್ಲಿದೆ ತೋರ್ಸಿ ಅಂದೆ. ಮೂರನೇ ಸಾಲು, ನಾಲ್ಕನೇದು ಅಂತ ತೋರ್ಸಿದ್ರು. ಅದನ್ನೇ ಬಾಯಿಪಾಠ ಮಾಡ್ಕೊಂಡೆ. ಪ್ರತಿ ಸಲ ಹಿಂದೆ ನಿಂತು ಎರಡೆರಡು ಸಲ ಎಣಿಸ್ತೀನಿ ವೇಣಿ. ಒಂದು ಸಲಾನೂ ಎಣಿಕೆ ತಪ್ಪಿಲ್ಲ."

ಅತ್ತೆ ಹೋದರು, ಫಿಲೋಮಿನಾ ಬಂದಳು, ಹಳೇ ಕಾರ್ಡ್ ಹೋಗಿ ಹೊಸ ಕಾರ್ಡ್ ಬಂತು. ಅದೇ ಸಾಲಿನ ಅದೇ ಜಾಗದಲ್ಲಿ ಬೇರೆ ಬಣ್ಣ ಕೂತಿತು. ಇವಳು ಅದರ ಮುಂದೆ ನಿಂತು ನಲವತ್ತು ಸಲ ಎಣಿಸಿದ್ದಳು. ತುಂಬ ಹೊತ್ತು ಯೋಚಿಸುತ್ತಿದ್ದಾಳೆ ಎಂದು ನಾನು ಅಂದುಕೊಂಡದ್ದೆಲ್ಲ ಅವಳ ಎಣಿಕೆ.

"ಹಲಗೆ ಒರೆಸ್ತಾರಾ?" ಎಂದಳು. ಆಮೇಲೆ, ನನ್ನ ಮೊಣಕೈ ಹಿಡಿದುಕೊಂಡು, "ಒರೆಸಿದ್ರೆ ಒರೆಸ್ಲಿ. ಕಾಣಲ್ಲ ಅನ್ನೋದು ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ಒಂದು ಹೇಳ್ಬಿಡೇ. ನೀನು ಸುಳ್ಳು ಹೇಳಲ್ಲ. ಇಷ್ಟ್ ವರ್ಷ ಬಣ್ಣ ಸರಿಯಾಗೇ ಇತ್ತು ತಾನೇ?"

ಗಿಣಿಹಸಿರು ತುಂಡು ಅವಳ ತೊಡೆಯ ಮೇಲೆ ಧಗಧಗ ಎನ್ನುತ್ತಿತ್ತು. ನನ್ನ ಮಗಳ ಮುಖ ಕಣ್ಣ ಮುಂದೆ ಬಂತು. ವ್ಯಾಪಾರಿ ಸಂಘದವರ ಕೆಮ್ಮು ಕಿವಿಯಲ್ಲಿ ಕೇಳಿಸಿತು. ಪುಟ್ಟೀರಮ್ಮನ ಪಕ್ಕದ ಖಾಲಿ ಕುರ್ಚಿಯೂ ಕಂಡಿತು. ಮೂವತ್ತು ವರ್ಷ ಮುಖದ ಮೇಲೆ ನಿಜ ಹೊಡೆದ ನಾಲಿಗೆ ಮೊದಲ ಸಲ ಮಡಚಿತು.

"ಸರಿಯಾಗೇ ಇತ್ತು" ಎಂದೆ.

"ಮತ್ತೆ ಈ ಬಟ್ಟೆ?"

"ನಾಳೆಗೆ ಬ್ಲೌಸ್ ಹೊಲಿಸ್ಬೇಕು. ತಲೆಗೆ ಹೊಂದತ್ತಾ ಅಂತ ನಿನ್ನ ಕೇಳೋಣ ಅಂತ ಬಂದೆ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಎರಡೂ ತುಂಡುಗಳನ್ನು ನನ್ನ ತಲೆಯ ಹತ್ತಿರ ಹಿಡಿದಳು. "ಎರಡೂ ಹೊಂದತ್ತೆ" ಎಂದಳು.

ನಾನು ಪಾರ್ಲರಿಗೆ ವಾಪಸ್ ಬಂದಾಗ ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕುರ್ಚಿಯಲ್ಲಿ ರಸ್ತೆಗೆ ಮುಖಮಾಡಿ ಕೂತು, "ಮೂರನೇ ಸಾಲು, ನಾಲ್ಕನೇದು" ಎಂದೆ.

"ಅಮ್ಮಾ!" ಎಂದಳು ತೇಜು.

"ಅಕ್ಕಾ, ಗೊತ್ತಿದ್ದೂ?" ಎಂದಳು ಫಿಲೋಮಿನಾ.

"ಗೊತ್ತಿದ್ದೂ. ಮಾಸಿರೋ ಕಡೆ ಗಟ್ಟಿಯಾಗೇ ಹಚ್ಚು. ಬಾಗಿಲು ಸ್ವಲ್ಪ ತಡವಾಗಿ ಹಾಕು. ಆ ಒದ್ದೆ ಬಟ್ಟೆ ಒಣಗಹಾಕು, ಸುಮ್ನೆ ವಾಸನೆ ಬರತ್ತೆ."

ತೇಜು ಗಿರಣಿಯಲ್ಲಿ ಏನಾಯಿತೆಂದು ಕೇಳಿದಳು. ಹೇಳಿದೆ. ಪಾರ್ಲರಿನಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ, ಅದೂ ಕಟ್ಟಳೆಯೇ. ಅವಳು ಬಾಗಿಲ ಬಳಿಗೆ ಹೋಗಿ ನಿಂತಳು. ಸಿಟ್ಟು ಇಳಿದಿರಲಿಲ್ಲ, ನನಗೆ ಗೊತ್ತು. ಆಮೇಲೆ ಮೂಗು ಎಳೆದುಕೊಂಡು, "ಹಂಗಾದ್ರೆ ನಾಳೆ ಆ ಮರೂನ್ ಸೀರೆ ಮಾತ್ರ ಉಟ್ಕೋಬೇಡ. ಸತ್ತೇ ಹೋಗ್ತೀನಿ" ಎಂದಳು.

ಅಷ್ಟು ಹೇಳಿದ್ದೇ ಸಾಕಾಯಿತು. ಬಣ್ಣ ಗೊತ್ತಾದ ಮೇಲೆ ನನ್ನ ಮುಂದೆ ನಿಲ್ಲುವವರು ಯಾರಿದ್ದಾರೆ! ಕೆನೆಬಣ್ಣದ ರೇಷ್ಮೆ ಸೀರೆಯೊಂದಿತ್ತು, ಬೆರಳಗಲದ ಗಿಣಿಹಸಿರು ಅಂಚಿನದು. ನನಗೆ ಒಪ್ಪುವುದಿಲ್ಲ ಎಂದು ಬೀರುವಿನಲ್ಲಿ ಮಡಿಸಿಟ್ಟಿದ್ದೆ. ಅಟ್ಟದ ಥಾನಿನಿಂದ ಬ್ಲೌಸ್ ಕತ್ತರಿಸಿ ಪಕ್ಕದ ಟೈಲರ್‌ಗೆ ಕೊಟ್ಟೆ. ಹಸಿರು ಗಾಜಿನ ಬಳೆ ಇಟ್ಟುಕೊಂಡೆ. ತಲೆಗೆ ಮಲ್ಲಿಗೆ ಮಾತ್ರ, ಕನಕಾಂಬರ ಬೇಡ ಎಂದೆ.

ಮರುದಿನ ಛತ್ರಕ್ಕೆ ಕಾಲಿಟ್ಟಾಗ ಎಲ್ಲರ ಕಣ್ಣೂ ಅಭ್ಯಾಸದಂತೆ ನನ್ನ ಕಾಲಿನ ಕಡೆ ಹೋದವು. ನಿಧಾನವಾಗಿ ಅಂಚು ಹತ್ತಿ, ಬಳೆ ಹತ್ತಿ, ಬ್ಲೌಸ್ ಹತ್ತಿ ತಲೆಯವರೆಗೂ ಬಂದು ಅಲ್ಲೇ ನಿಂತವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಜನ ನನ್ನ ಮುಖ ನೋಡಿ ಮಾತಾಡಿದರು. ಬೀಗಿತ್ತಿ ನನ್ನ ಎರಡೂ ಕೈ ಹಿಡಿದುಕೊಂಡರು. ಕೂದಲಿನ ಬಗ್ಗೆ ಆಡುವ ಹಾಗಿಲ್ಲವಲ್ಲ, ಸೀರೆಯ ಬಗ್ಗೆ ಆಡಬಹುದು. "ಎಂಥಾ ಸೀರೆ ಕಣ್ರೀ! ಈಗ ಎಲ್ಲಾ ಸರಿಯಾಗಿ ಕೂತ್ಕೊಳ್ತು ನೋಡಿ" ಎಂದರು. ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನ ಅವರಿಗೆ. ಆ ಮದುವೆ ಸೀಸನ್ನು ಮುಗಿಯುವಷ್ಟರಲ್ಲಿ ಅಟ್ಟದ ಥಾನು ಪೂರ್ತಿ ಖರ್ಚಾಯಿತು ಎಂದರೆ ನೀವು ನಂಬಬೇಕು.

ಅಂಬುಜಳನ್ನು ಆಟೋದಲ್ಲಿ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದ್ದೆ. ತಾಂಬೂಲ ಬದಲಾಯಿಸಿದ ಮೇಲೆ ತೇಜು ವೇದಿಕೆಯಿಂದ ಇಳಿದು ಹೋಗಿ ಅವಳ ಕಾಲಿಗೆ ಬಿದ್ದಳು. ಊದಿದ ಕಾಲನ್ನು ಬಿಟ್ಟು ಇನ್ನೊಂದನ್ನು ಮುಟ್ಟಿದಳು. ನಾನು ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತೆ. ಅಂಬುಜ ಸ್ವಲ್ಪ ಹಿಂದಕ್ಕೆ ವಾಲಿ ನನ್ನ ತಲೆಯನ್ನು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದಳು. ಅವಳಷ್ಟು ಆಸ್ಥೆಯಿಂದ ನನ್ನನ್ನು ಯಾರೂ ನೋಡಿದವರಿಲ್ಲ. ಆಮೇಲೆ ಎಂದಿನಂತೆ ಕಿವಿಯ ಹತ್ತಿರ ಬಗ್ಗಿದಳು.

"ಎದ್ದು ಕಾಣಲ್ಲ ಕಣೇ, ಅದೇ ಚೆಂದ."